ಬ್ಯಾಕ್ಟೀರಿಯಾಗಳ ಸಭೆಗೂ ಬೇಕು ಕೋರಂ

ಕೋರಂ ಇಲ್ಲದೆ ಸಭೆ ಮುಂದೂಡಿದ ಸುದ್ದಿ ಪತ್ರಿಕೆ ಓದುವವರಿಗೆ ಹೊಸದೇನಲ್ಲ. ನಿಗದಿಯಾದಷ್ಟು ಸದಸ್ಯರು ಸೇರದೆ ನಿರ್ಣಯವಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಹೀಗೆಯೇ ತಲೆ ಎಣಿಸುತ್ತವೆ ಎಂದರೆ ನಂಬುವುದು ಕಷ್ಟ. ಅದು ಒಂಟಿ ಜೀವಿ, ತಿಂದು ಇಬ್ಭಾಗವಾಗುವುದಷ್ಟೇ ಅದರ ಬದುಕು ಎಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು.

ಈ ತಿಳಿವಳಿಕೆ ಬದಲಾಗಲು ಕಾರಣವಾದದ್ದು ಕಡಲಿನ ಒಂದು ಮಿಣುಕು ಬೆಳಕು. ‘ವಿಬ್ರಿಯೊ ಫಿಶರಿ’ ಬೆಳಕು ಸೂಸುವ ಬ್ಯಾಕ್ಟೀರಿಯಾ. ಹವಾಯಿಯ ಪುಟ್ಟ ಸ್ಕ್ವಿಡ್ ಒಂದು ಇದನ್ನು ಒಡಲಲ್ಲಿಟ್ಟು ಸಾಕುತ್ತದೆ. ಬೆಳದಿಂಗಳಲ್ಲಿ ತನ್ನ ನೆರಳು ಕೆಳಗಿನ ಶತ್ರುವಿಗೆ ಕಾಣದಿರಲು ಸ್ಕ್ವಿಡ್‌ಗೆ ಈ ಬೆಳಕು ಬೇಕು. ಸ್ಕ್ವಿಡ್‌ನ ಒಡಲಲ್ಲಿ ಕಿಕ್ಕಿರಿದಾಗ ಬೆಳಗುವ ಈ ಬ್ಯಾಕ್ಟೀರಿಯಾ, ಕಡಲಲ್ಲಿ ಚದುರಿದಾಗ ಬೆಳಗುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನೆತ್ ನೀಲ್ಸನ್, ಟೆರಿ ಪ್ಲಾಟ್ ಮತ್ತು ವುಡ್‌ಲೆಂಡ್ ಹೇಸ್ಟಿಂಗ್ಸ್ 1970ರಲ್ಲಿ ಇದಕ್ಕೆ ವಿವರಣೆ ನೀಡಿದರು. ಪ್ರತಿಯೊಂದು ಜೀವಕೋಶವೂ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಗುಂಪು ಬೆಳೆದಂತೆ ಅದರ ಸಾಂದ್ರತೆ ಹೆಚ್ಚಿ, ಒಂದು ಮಿತಿ ದಾಟಿದಾಗ ಬೆಳಕು ಹೊತ್ತಿಕೊಳ್ಳುತ್ತದೆ. ಆಗ ಅನೇಕರು ಇದನ್ನು ಕಡಲ ಬ್ಯಾಕ್ಟೀರಿಯಾದ ಒಂದು ವೈಚಿತ್ರ್ಯವೆಂದಷ್ಟೇ ಭಾವಿಸಿದರು.

ಆ ರಾಸಾಯನಿಕದ ರಚನೆ 1981ರಲ್ಲಿ ತಿಳಿಯಿತು. ಒಟ್ಟು 30 ಪರಮಾಣುಗಳ ಪುಟ್ಟ ಅಣು ಅದು. 1983ರಲ್ಲಿ ಬೆಳಕಿನ ಜೀನ್‌ಗಳನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ ಅದೂ ಬೆಳಗಿತು. ಎರಡು ಪ್ರೋಟೀನುಗಳ ಪಾತ್ರ ಸ್ಪಷ್ಟವಾಯಿತು: ‘ಲಕ್ಸ್‌ಐ’ ಸಂಕೇತದ ಅಣುವನ್ನು ತಯಾರಿಸುತ್ತದೆ, ‘ಲಕ್ಸ್‌ಆರ್’ ಅದನ್ನು ಗ್ರಹಿಸಿ, ಡಿಎನ್‌ಎಗೆ ಅಂಟಿಕೊಂಡು, ಬೆಳಕಿನ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇಂಥ ವ್ಯವಸ್ಥೆಗಳು ಒಂದೊಂದಾಗಿ ಬೇರೆ ಬ್ಯಾಕ್ಟೀರಿಯಾಗಳಲ್ಲೂ ಸಿಕ್ಕವು. 1994ರಲ್ಲಿ ಫುಕ್ವಾ, ವಿನಾನ್ಸ್ ಮತ್ತು ಗ್ರೀನ್‌ಬರ್ಗ್ ಈ ವಿದ್ಯಮಾನಕ್ಕೆ ‘ಕೋರಂ ಸೆನ್ಸಿಂಗ್’ ಎಂದು ಹೆಸರಿಟ್ಟರು.

ಅಣು ಗ್ರಾಹಕವನ್ನು ಸೇರುವ ಬಗೆ ಕಂಡದ್ದು 2002ರಲ್ಲಿ. ಗಿಡಗಳಿಗೆ ಗಂಟುರೋಗ ತರುವ ಬ್ಯಾಕ್ಟೀರಿಯಾದ ‘ಟ್ರಾಆರ್’ ಎಂಬ ಗ್ರಾಹಕದೊಳಗೆ ಅಣು ಪೂರ್ತಿ ಹುದುಗಿಕೊಂಡಿತ್ತು. ಬೀಗಕ್ಕೆ ಹೊರಗಿನಿಂದ ತೂರಿಸುವ ಕೀಲಿಕೈಯಂತಲ್ಲ ಇದು. ಅಣುವಿನ ಸುತ್ತ ಮಡಿಚಿಕೊಂಡಾಗಲೇ ಈ ಪ್ರೋಟೀನು ಸರಿಯಾದ ಆಕಾರ ಪಡೆಯುತ್ತದೆ. ಅಣು ಸಿಗದಿದ್ದರೆ ಬೇಗನೆ ನಾಶವಾಗುತ್ತದೆ.

ಈ ಜ್ಞಾನದಿಂದ ನಮಗೇನು ಪ್ರಯೋಜನ? ಸುಟ್ಟಗಾಯಗಳಿಗೂ ಶ್ವಾಸಕೋಶಕ್ಕೂ ಸೋಂಕು ತರುವ ‘ಸ್ಯೂಡೋಮೊನಾಸ್ ಎರುಗಿನೋಸ’ ಸಾಕಷ್ಟು ಬಲ ಕೂಡಿದ ಮೇಲೆಯೇ ತನ್ನ ಹಲವು ವಿಷಗಳನ್ನು ಹೊರಬಿಡುತ್ತದೆ. ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತಿರುವಾಗ, ಅದನ್ನು ಕೊಲ್ಲುವ ಬದಲು ಕಿವುಡಾಗಿಸಬಹುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ. ಆಸ್ಟ್ರೇಲಿಯಾದ ‘ಡೆಲಿಸಿಯಾ ಪುಲ್ಕ್ರಾ’ ಎಂಬ ಕೆಂಪು ಪಾಚಿ ಈ ಉಪಾಯವನ್ನು ಮೊದಲೇ ಕಂಡುಕೊಂಡಿದೆ. ಅದರ ಫ್ಯುರನೋನ್ ಅಣುಗಳು ಬ್ಯಾಕ್ಟೀರಿಯಾದ ಸಂಕೇತಕ್ಕೆ ಅಡ್ಡಿಯಾಗುತ್ತವೆ. 2003ರಲ್ಲಿ, ಫ್ಯುರನೋನ್‌ನ ಕೃತಕ ರೂಪವೊಂದು ಇಲಿಗಳ ಶ್ವಾಸಕೋಶದ ಸೋಂಕನ್ನು ತಗ್ಗಿಸಿತು.

ಆದರೆ ಫ್ಯುರನೋನ್‌ಗಳು ನಮ್ಮ ಜೀವಕೋಶಗಳಿಗೂ ವಿಷಕಾರಿಯಾಗಬಲ್ಲವು. ಪ್ರಯೋಗಾಲಯದಲ್ಲಿ ಫಲಿಸಿದ ಉಪಾಯ ರೋಗಿಯ ಹಾಸಿಗೆಯವರೆಗೆ ಬರುವ ದಾರಿ ದೀರ್ಘ. ಈ ತತ್ತ್ವದ ಮೇಲೆಯೇ ರೂಪಿಸಿದ ಔಷಧ ಮನುಷ್ಯರ ಸೋಂಕಿನ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ಕಡಲ ಬೆಳಕಿನಿಂದ ಹೊರಟ ಹುಡುಕಾಟ ಮುಂದುವರಿದಿದೆ.