ಡಿಸ್ಟ್ರಿಬ್ಯೂಟರ್ ಬದಲಿಸಿದ ಮೇಲೆ ಟೈಮಿಂಗ್ ತಪ್ಪಿದರೆ: ಹಳೆ ಕಾರಿನವರಿಗೊಂದು ಕೈಪಿಡಿ

ಟಿ.ಬಿ. ಡ್ಯಾಂ: ಹೊಸಪೇಟೆಯಿಂದ ಕಂಪ್ಲಿಯತ್ತ ಸಾಗುವ ಸಮತಟ್ಟು ರಸ್ತೆಯಲ್ಲಿ ತಕರಾರಿಲ್ಲದೆ ಓಡಿದ ಹಳೆಯ ಕಾರು ಸಂಡೂರಿನ ಏರು ಹತ್ತುವಾಗ ಏದುಸಿರು ಬಿಡುತ್ತದೆ, ಎಂಜಿನ್ನಿನೊಳಗೆ ಗೋಲಿಗಳನ್ನು ಕುಲುಕಿದಂತಹ ಸದ್ದು ಕೇಳಿಸುತ್ತದೆ. ವಾರದ ಹಿಂದಷ್ಟೇ ಹೊಸ ಡಿಸ್ಟ್ರಿಬ್ಯೂಟರ್ ಹಾಕಿಸಿದ್ದರೆ ಮಾಲೀಕರ ಸಂಶಯ ಸಹಜವಾಗಿಯೇ ಆ ಬಿಡಿಭಾಗದ ಮೇಲೆ ಹೋಗುತ್ತದೆ. 'ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಿ' ಎಂದು ಅಂಗಡಿಯವರೊಡನೆ ಜಗಳವಾಗುವುದೂ ಉಂಟು. ಆದರೆ ಇಂತಹ ಪ್ರಸಂಗಗಳಲ್ಲಿ ಅನೇಕ ವೇಳೆ ದೋಷವಿರುವುದು ಡಿಸ್ಟ್ರಿಬ್ಯೂಟರಿನಲ್ಲಲ್ಲ, ಅದನ್ನು ಕೂರಿಸಿದ ಬಗೆಯಲ್ಲಿ. ಹೊಸ ಡಿಸ್ಟ್ರಿಬ್ಯೂಟರ್ ಸರಿಯಾದ ಟೈಮಿಂಗನ್ನು ತನ್ನೊಡನೆ ಹೊತ್ತು ತರುವುದಿಲ್ಲ. ಅದನ್ನು ಆಯಾ ಎಂಜಿನ್ನಿಗೆ ಹೊಂದಿಸಬೇಕಾಗುತ್ತದೆ. ಇದನ್ನು ಕಡೆಗಣಿಸಿದರೆ ಬಿಡಿಭಾಗಕ್ಕೆ ಕೊಟ್ಟ ಹಣ ಮಾತ್ರವಲ್ಲ, ಎಂಜಿನ್ನೇ ಕೈಬಿಟ್ಟು ಹೋದೀತು.

ಯಾವ ಕಾರುಗಳಿಗೆ ಅನ್ವಯ?

ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಕಾಲದ ಮಾರುತಿ 800 ಮತ್ತು ಓಮ್ನಿಗಳಲ್ಲಿ ಡಿಸ್ಟ್ರಿಬ್ಯೂಟರ್ ಇರುತ್ತದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಹೀಗಾಗಿ ಕೆಎ-35 ನೋಂದಣಿಯ ಹಳೆಯ ಕಾರನ್ನು ಇಂದಿಗೂ ಪ್ರೀತಿಯಿಂದ ಸಾಕಿಕೊಂಡಿರುವವರಿಗೆ ಎಂಜಿನ್ ಉಳಿಸಿಕೊಳ್ಳುವುದು ಅನಿವಾರ್ಯ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲವಾದ್ದರಿಂದ ಡಿಸ್ಟ್ರಿಬ್ಯೂಟರ್ ಕೂಡ ಇರುವುದಿಲ್ಲ. ಈಚಿನ ಪೆಟ್ರೋಲ್ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಮತ್ತು ಪ್ರತ್ಯೇಕ ಕಾಯಿಲ್‌ಗಳು ನಿರ್ವಹಿಸುತ್ತವೆ.

ಕಿಡಿಗೊಂದು ಕಾಲ

ಒಳಹರಿವು ಏರುತ್ತಿದ್ದರೆ, ನೀರು ಗರಿಷ್ಠ ಮಟ್ಟ ಮುಟ್ಟುವ ತನಕ ಕಾಯದೆ ಕ್ರೆಸ್ಟ್ ಗೇಟುಗಳನ್ನು ಮೊದಲೇ ಎತ್ತುವುದನ್ನು ತುಂಗಭದ್ರಾ ಜಲಾಶಯದ ಆಸುಪಾಸಿನವರು ಕಂಡಿದ್ದಾರೆ. ಎಂಜಿನ್ನಿನಲ್ಲಿ ಕಿಡಿಯ ಲೆಕ್ಕಾಚಾರವೂ ಹೆಚ್ಚುಕಡಿಮೆ ಹೀಗೆಯೇ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಪೂರ್ತಿ ಉರಿಯಲು ಒಂದಿಷ್ಟು ಸಮಯ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನ ಕ್ರ್ಯಾಂಕ್, ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 18 ಡಿಗ್ರಿ ಸಾಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲಿನ ತುದಿ ತಲುಪುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನಷ್ಟು ಮೊದಲು ಹಾರಬೇಕು.

ಕಿಡಿ ತೀರಾ ಮುಂಚಿತವಾದರೆ ಮೇಲೇರುತ್ತಿರುವ ಪಿಸ್ಟನ್‌ಗೆ ಎದುರಿನಿಂದ ಏಟು ಬೀಳುತ್ತದೆ. ಏರಿನಲ್ಲಿ 'ನಾಕಿಂಗ್' ಸದ್ದು, ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದೆಯುವುದು ಇದರ ಲಕ್ಷಣ. ಹೀಗೆಯೇ ಓಡಿಸುತ್ತ ಹೋದರೆ ಪಿಸ್ಟನ್ ತೂತಾಗುವ ಅಪಾಯವಿದೆ. ಕಿಡಿ ತಡವಾದರೆ ಪಿಕಪ್ ಸಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಈ ಬಿಸಿಯನ್ನು ರೇಡಿಯೇಟರಿನ ದೋಷವೆಂದು ತಪ್ಪಾಗಿ ಭಾವಿಸುವ ಸಂಭವವೂ ಇದೆ.

ಬಿಚ್ಚುವ ಮೊದಲು

ಹಳೆಯ ಡಿಸ್ಟ್ರಿಬ್ಯೂಟರನ್ನು ಹೊರತೆಗೆಯುವ ಮುನ್ನ ಎರಡು ಗುರುತು ಮಾಡಿಕೊಳ್ಳಿ: ಕ್ಯಾಪ್ ತೆಗೆದಾಗ ರೋಟರ್ ಯಾವ ದಿಕ್ಕಿಗೆ ಮುಖ ಮಾಡಿದೆ, ಡಿಸ್ಟ್ರಿಬ್ಯೂಟರಿನ ಮೈ ಎಂಜಿನ್ನಿನ ಮೇಲೆ ಯಾವ ಕೋನದಲ್ಲಿ ಕುಳಿತಿದೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೂ ಸಾಕು. ಪ್ಲಗ್ ವೈರುಗಳಿಗೆ ಸಂಖ್ಯೆ ಬರೆದ ಚೀಟಿ ಅಂಟಿಸಿ. ಹೊಸದು ಕೂರುವವರೆಗೂ ಎಂಜಿನ್ ತಿರುಗಿಸಕೂಡದು. ಗುರುತು ಮಾಡದೆ ಬಿಚ್ಚಿಯಾಗಿದ್ದರೆ, ಅಥವಾ ನಡುವೆ ಎಂಜಿನ್ ತಿರುಗಿದ್ದರೆ, ಮೊದಲಿನಿಂದ ಆರಂಭಿಸುವುದೊಂದೇ ದಾರಿ.

ಸ್ಟಾರ್ಟೇ ಆಗದಿದ್ದರೆ

ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕಾರ್ಬುರೇಟರಿನಿಂದಲೋ ಸೈಲೆನ್ಸರಿನಿಂದಲೋ ಪಟಾಕಿಯಂತೆ ಸದ್ದು ಬರುತ್ತದೆ ಎಂದಾದರೆ, ಮೊದಲು ಸಂಶಯಿಸಬೇಕಾದದ್ದು ರೋಟರ್ ತಿರುವುಮುರುವಾಗಿರುವುದನ್ನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು ಹಾಕುತ್ತದೆ. ಹಾಗಾಗಿ ಒಂದನೇ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತದೆ: ಒಮ್ಮೆ ಮಿಶ್ರಣವನ್ನು ಒತ್ತುತ್ತ, ಇನ್ನೊಮ್ಮೆ ಹೊಗೆಯನ್ನು ಹೊರದೂಡುತ್ತ. ಪುಲ್ಲಿಯ ಅಥವಾ ಫ್ಲೈವೀಲಿನ ಗುರುತು ಎರಡು ಸಲವೂ ಒಂದೇ ಕಡೆ ನಿಲ್ಲುತ್ತದೆ. ಗುರುತನ್ನಷ್ಟೇ ನಂಬಿ ಡಿಸ್ಟ್ರಿಬ್ಯೂಟರ್ ಕೂರಿಸಿದವರು ಎಡವುವುದು ಇಲ್ಲಿಯೇ.

ಪರೀಕ್ಷೆ ಸುಲಭ. ಕಾರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ. ಇಗ್ನಿಷನ್ ಆಫ್ ಮಾಡಿ, ಬೀಗದ ಕೈ ತೆಗೆದು, ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ. ಆ ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಎಂದಿನಂತೆ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಬೆರಳನ್ನು ಗಾಳಿ ಮೇಲಕ್ಕೆ ತಳ್ಳುವ ಸುತ್ತಿನಲ್ಲಿ ಗುರುತು ಸೇರಿದರೆ ಅದೇ ಸರಿಯಾದ ಸ್ಥಾನ. ಆಗ ರೋಟರ್, ಕ್ಯಾಪಿನಲ್ಲಿ ಒಂದನೇ ಪ್ಲಗ್ ವೈರು ಸೇರುವ ತುದಿಯತ್ತ ಮುಖ ಮಾಡಿರಬೇಕು.

ನಂತರ ವೈರುಗಳ ಕ್ರಮ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಅದು 1-3-4-2. ಮೂರು ಸಿಲಿಂಡರಿನ ಮಾರುತಿ 800ರಲ್ಲಿ 1-3-2. ಈ ಕ್ರಮವನ್ನು ರೋಟರ್ ತಿರುಗುವ ದಿಕ್ಕಿನಲ್ಲೇ ಎಣಿಸಬೇಕು. ದಿಕ್ಕು ತಪ್ಪಿ ಎಣಿಸಿದರೆ ಒಂದನೆಯ ವೈರು ಸರಿಯಿದ್ದೂ ಉಳಿದವು ಅದಲುಬದಲಾಗುತ್ತವೆ.

ಸ್ಟಾರ್ಟ್ ಆಗಿಯೂ ಹದ ಬಾರದಿದ್ದರೆ

ಡಿಸ್ಟ್ರಿಬ್ಯೂಟರನ್ನು ಒಂದು ತುದಿಯವರೆಗೆ ತಿರುಗಿಸಿದರೂ ಟೈಮಿಂಗ್ ಕೂಡಿಬರುತ್ತಿಲ್ಲವೆಂದರೆ ಗೇರು ಒಂದು ಹಲ್ಲು ತಪ್ಪಿ ಕುಳಿತಿರಬಹುದು. ಡಿಸ್ಟ್ರಿಬ್ಯೂಟರಿನ ಗೇರಿಗೆ 12 ಹಲ್ಲುಗಳಿವೆಯೆಂದು ಭಾವಿಸಿದರೆ, ಒಂದು ಹಲ್ಲಿನ ತಪ್ಪು ಅಲ್ಲಿ 30 ಡಿಗ್ರಿ, ಕ್ರ್ಯಾಂಕಿನಲ್ಲಿ 60 ಡಿಗ್ರಿ. ಓರೆ ಹಲ್ಲಿನ ಗೇರುಗಳಿರುವ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿಳಿಯುವಾಗ ರೋಟರ್ ತುಸು ತಿರುಗಿಕೊಳ್ಳುತ್ತದೆ. ಆದ್ದರಿಂದ ಅದನ್ನು ಅಷ್ಟು ಹಿಂದಿನಿಂದಲೇ ಹಿಡಿದು ಇಳಿಸಬೇಕು. ಅಂಬಾಸಿಡರಿನ ಈ ಎಂಜಿನ್ನಿನಲ್ಲಿ ಗೇರಿನ ಬದಲು ನಡುವಿನಿಂದ ಸರಿದ ಕಚ್ಚು ಇದ್ದು, ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಕೂರುತ್ತದೆ. ಅಲ್ಲಿಯೂ ಟೈಮಿಂಗ್ ತಲೆಕೆಳಗಾಗಿದ್ದರೆ ಕೆಳಗಿನ ಡ್ರೈವ್ ದಂಡವನ್ನು ಯಾರಾದರೂ ಬಿಚ್ಚಿ ಕೂರಿಸಿದ್ದರೇ ಎಂದು ವಿಚಾರಿಸಬೇಕು.

ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಮೊದಲು ಪಾಯಿಂಟಿನ ಅಂತರ, ಆಮೇಲೆ ಟೈಮಿಂಗ್. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಟೈಮಿಂಗ್ ಹೊಂದಿಸಿದ ಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಸ್ಥೂಲವಾಗಿ ಹೊಂದಿಸಲು 12 ವೋಲ್ಟಿನ ಬಲ್ಬ್ ಸಾಕು. ಕೈಪಿಡಿ ಹೇಳಿದ ಗುರುತಿಗೆ ಕ್ರ್ಯಾಂಕನ್ನು ತಂದು ನಿಲ್ಲಿಸಿ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ವೈರು ಸೇರುವ ಜಾಗಕ್ಕೂ ಎಂಜಿನ್ನಿನ ಮೈಗೂ ನಡುವೆ ಬಲ್ಬ್ ಜೋಡಿಸಿ ಇಗ್ನಿಷನ್ ಆನ್ ಮಾಡಿ. ರೋಟರ್ ತಿರುಗುವ ದಿಕ್ಕಿಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಬಲ್ಬ್ ಆರುತ್ತದೆ. ಅಲ್ಲಿಂದ ಎದುರು ದಿಕ್ಕಿಗೆ ಮೆಲ್ಲನೆ ತಿರುಗಿಸುವಾಗ ಬಲ್ಬ್ ಬೆಳಗಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ, ಅದೇ ಕಿಡಿಯ ಕ್ಷಣ. ಇಗ್ನಿಷನ್ ಬಹಳ ಹೊತ್ತು ಆನ್ ಇಟ್ಟರೆ ಕಾಯಿಲ್ ಕಾಯುತ್ತದೆಂಬ ಎಚ್ಚರವಿರಲಿ.

ಕಿವಿಯಲ್ಲ, ಟೈಮಿಂಗ್ ಲೈಟ್

ಅನುಭವಿ ಮೇಸ್ತ್ರಿಗಳು ಸದ್ದು ಕೇಳಿಯೇ ಟೈಮಿಂಗ್ ಹೊಂದಿಸುವುದುಂಟು. ಆದರೆ ನಿಂತಲ್ಲಿ ಇಂಪಾಗಿ ಓಡುವ ಎಂಜಿನ್ ಏರಿನಲ್ಲಿಯೂ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ಒಂದನೇ ಪ್ಲಗ್ ವೈರಿಗೆ ಸಿಕ್ಕಿಸುವ ಟೈಮಿಂಗ್ ಲೈಟ್, ಕಿಡಿ ಹಾರಿದಾಗಲೆಲ್ಲ ಮಿಂಚಿ ಗುರುತನ್ನು ನಿಂತಂತೆ ತೋರಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಕೈಪಿಡಿ ಹೇಳಿದ ಐಡ್ಲಿಂಗ್ ವೇಗದಲ್ಲಿ ಇದನ್ನು ನೋಡಬೇಕು. ಹಲವು ಕಾರುಗಳಲ್ಲಿ ಆಗ ವ್ಯಾಕ್ಯೂಮ್ ಪೈಪು ಕಳಚಿ ಅದರ ಬಾಯಿ ಮುಚ್ಚಬೇಕಾಗುತ್ತದೆ; ಮುಗಿದ ಮೇಲೆ ಮರಳಿ ಜೋಡಿಸಲು ಮರೆಯಬಾರದು. ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಕಿಡಿ ಮುಂಚಿತ, ಅದೇ ದಿಕ್ಕಿಗೆ ತಿರುಗಿಸಿದರೆ ತಡ. ಎಂಜಿನ್ ಓಡುವಾಗ ಟವೆಲ್, ಸೆರಗು, ಸಡಿಲ ತೋಳು ಫ್ಯಾನಿನ ಬಳಿ ಸುಳಿಯಬಾರದು; ಹತ್ತು ಸಾವಿರ ವೋಲ್ಟನ್ನು ಮೀರುವ ಪ್ಲಗ್ ವೈರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು.

ವೇಗ ಹೆಚ್ಚಿಸಿದಾಗ ಗುರುತು ಕ್ರಮೇಣ ಮುಂಚಿನ ದಿಕ್ಕಿಗೆ ಸರಿಯಬೇಕು. ಸರಿಯದಿದ್ದರೆ ಒಳಗಿನ ತೂಕಗಳು ಹಿಡಿದುಕೊಂಡಿವೆ. ಗುರುತು ಅತ್ತಿತ್ತ ಕುಣಿದರೆ ಡಿಸ್ಟ್ರಿಬ್ಯೂಟರಿನ ಬುಷ್ ಅಥವಾ ಟೈಮಿಂಗ್ ಚೈನು ಸವೆದಿರಬಹುದು. ನೋಡಲು ಒಂದೇ ತೆರನಾದ, ಬೇರೆ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹಾಕಿದ್ದರೆ ಐಡ್ಲಿಂಗ್‌ನಲ್ಲಿ ಎಲ್ಲವೂ ಸರಿಯೆನಿಸಿ ವೇಗದಲ್ಲಿ ಕೈಕೊಡುತ್ತದೆ. ಖರೀದಿಸುವಾಗ ಹಳೆಯದರ ಮೇಲಿನ ಸಂಖ್ಯೆಯನ್ನು ಹೋಲಿಸಿ ನೋಡುವುದು ಇದಕ್ಕಾಗಿಯೇ. ಡಿಸ್ಟ್ರಿಬ್ಯೂಟರ್ ಇದ್ದೂ ಕಂಪ್ಯೂಟರ್ ಟೈಮಿಂಗ್ ನಿಯಂತ್ರಿಸುವ ಎಂಪಿಎಫ್‌ಐ ಕಾರಾದರೆ, ಕೈಪಿಡಿಯಲ್ಲಿ ಹೇಳಿದಂತೆ ಆ ನಿಯಂತ್ರಣವನ್ನು ತಾತ್ಕಾಲಿಕವಾಗಿ ತಡೆಹಿಡಿದ ಬಳಿಕವೇ ಹೊಂದಿಸಬೇಕು.

ಟೈಮಿಂಗ್ ಸರಿಯಿದ್ದೂ ತೊಂದರೆಯೇ?

ಗಣಿ ಸೀಮೆಯ ಕೆಂಧೂಳು ಕ್ಯಾಪಿನೊಳಗೆ ಸೇರಿ, ಮಳೆಗಾಲದ ತೇವವೂ ಕೂಡಿದರೆ, ಕಿಡಿಯ ವಿದ್ಯುತ್ ಅಡ್ಡದಾರಿ ಹಿಡಿಯಬಹುದು. ಕ್ಯಾಪಿನ ಒಳಮೈಯಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ಅದನ್ನು ಬದಲಿಸಬೇಕು. ಇನ್ನು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2025ರ ವೇಳೆಗೆ ದೇಶಾದ್ಯಂತ ಬಳಕೆಗೆ ಬಂದಿದೆ. ಎಥೆನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಆದರೆ ಹಳೆಯ ಕಾರ್ಬುರೇಟರ್ ಮೊದಲಿನಷ್ಟೇ ಗಾಳಿ ಬೆರೆಸುತ್ತದೆ. ಇದರಿಂದ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸಿದರೆ ಅದನ್ನು ಟೈಮಿಂಗ್ ದೋಷವೆಂದು ಭಾವಿಸಿ ಡಿಸ್ಟ್ರಿಬ್ಯೂಟರ್ ತಿರುಗಿಸುತ್ತ ಕೂರಬಾರದು.

ಕೊನೆಯದಾಗಿ ಕ್ಲ್ಯಾಂಪ್ ಬೋಲ್ಟನ್ನು ಬಿಗಿಗೊಳಿಸಿ ಟೈಮಿಂಗನ್ನು ಮತ್ತೊಮ್ಮೆ ನೋಡಿ. ಬಿಗಿಗೊಳಿಸುವಾಗಲೇ ಡಿಸ್ಟ್ರಿಬ್ಯೂಟರ್ ಸರಿಯುವುದುಂಟು. ಅಲ್ಲಿ ಒಂದು ಡಿಗ್ರಿ ಸರಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ ವ್ಯತ್ಯಾಸ. ಪರೀಕ್ಷಾರ್ಥ ಓಡಾಟಕ್ಕೆ ಕಂಪ್ಲಿ ರಸ್ತೆ ಸಾಲದು. ಸಂಡೂರಿನ ಏರಿನಲ್ಲಿ, ಎಂಜಿನ್ ಬಿಸಿಯಾಗಿರುವಾಗ, ನಾಲ್ವರು ಕುಳಿತ ಕಾರು ಸದ್ದಿಲ್ಲದೆ ಹತ್ತಿದರೆ ಟೈಮಿಂಗ್ ಕೂಡಿತೆಂದೇ ಅರ್ಥ. ಸದ್ದು ಬಂದರೆ ಅಲ್ಲಿಯೇ ವೇಗ ತಗ್ಗಿಸಿ, ಗೇರ್ ಇಳಿಸಿ ಮರಳಿ ಬನ್ನಿ. ಇನ್ನೊಂದು ಡಿಸ್ಟ್ರಿಬ್ಯೂಟರಿಗೆ ಹಣ ಸುರಿಯುವ ಮುನ್ನ ಒಂದನೇ ಪ್ಲಗ್ ಬಿಚ್ಚಿ, ಹೆಬ್ಬೆರಳಿಟ್ಟು, ಮೊದಲಿನಿಂದ ನೋಡಿ.