ಎಲ್ಲ ಹೊಟ್ಟೆ ಉಬ್ಬರವೂ ‘ಗ್ಯಾಸ್ಟ್ರಿಕ್’ ಅಲ್ಲ: ಅಂಡಾಶಯ ಕ್ಯಾನ್ಸರ್ ಬಗ್ಗೆ ತಿಳಿದಿರಬೇಕಾದ್ದು

ಹೊಟ್ಟೆ ಉಬ್ಬರ ಅಂದ ಕೂಡಲೇ ನಮ್ಮಲ್ಲಿ ಸಿಗುವ ಉತ್ತರ ‘ಗ್ಯಾಸ್ಟ್ರಿಕ್’. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ, ಮನೆಯಲ್ಲಿ ಜೀರಿಗೆ ಕಷಾಯ, ಅಲ್ಲಿಗೆ ಮುಗೀತು. ಬಹುತೇಕ ಸಲ ಅದು ಗ್ಯಾಸ್ಟ್ರಿಕ್ಕೇ ಆಗಿರುತ್ತೆ. ಆದರೆ ಅಂಡಾಶಯದ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳಬಹುದು. ಭಾರತದ ಮಹಿಳೆಯರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿರೋದು ಇದೇ. ಗ್ಲೋಬೊಕ್ಯಾನ್ 2022ರ ಅಂದಾಜಿನಂತೆ ಆ ವರ್ಷ ದೇಶದಲ್ಲಿ ಸುಮಾರು 47 ಸಾವಿರ ಹೊಸ ಪ್ರಕರಣಗಳು, ಸುಮಾರು 33 ಸಾವಿರ ಸಾವುಗಳು. ಹೆಚ್ಚಿನವರಲ್ಲಿ ರೋಗ ಪತ್ತೆಯಾಗೋದು 3 ಅಥವಾ 4ನೇ ಹಂತದಲ್ಲಿ.

ಗುರುತಿಸೋದು ಹೇಗೆ?

ಮುಖ್ಯ ಲಕ್ಷಣಗಳು ನಾಲ್ಕು:

• ಹೊಟ್ಟೆ ಉಬ್ಬರ, ಹೊಟ್ಟೆಯ ಸುತ್ತಳತೆ ಹೆಚ್ಚಾಗೋದು
• ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗೋದು
• ಕೆಳಹೊಟ್ಟೆ ನೋವು
• ಪದೇಪದೇ, ಅವಸರವಾಗಿ ಮೂತ್ರಕ್ಕೆ ಹೋಗಬೇಕೆನಿಸೋದು

ಒಂದು ದಿನ ಬಂದು ಹೋದರೆ ಹೆದರಬೇಕಿಲ್ಲ. ಹೊಸದಾಗಿ ಶುರುವಾಗಿ, ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಬರುತ್ತಿದ್ದರೆ ಪರೀಕ್ಷೆ ಬೇಕೇಬೇಕು. ವಯಸ್ಸು 50 ದಾಟಿದ್ದರೆ ಇನ್ನೂ ತಡ ಮಾಡಬಾರದು. ‘ಗರ್ಭಕೋಶ ತೆಗೆಸಿಬಿಟ್ಟಿದ್ದೀನಿ, ನನಗೇನೂ ಆಗಲ್ಲ’ ಅನ್ನೋ ನಂಬಿಕೆ ಅಪಾಯಕಾರಿ. ಗರ್ಭಕೋಶ ತೆಗೆದರೂ ಎಷ್ಟೋ ಸಲ ಅಂಡಾಶಯ ಉಳಿದಿರುತ್ತೆ.

ಸ್ಕ್ರೀನಿಂಗ್ ಯಾಕಿಲ್ಲ?

ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ನೋಡೋದು ಬಾಯಿ, ಸ್ತನ, ಗರ್ಭಕಂಠ. ಪ್ಯಾಪ್ ಸ್ಮಿಯರ್‌ನಿಂದ ಅಂಡಾಶಯದ ಕ್ಯಾನ್ಸರ್ ಗೊತ್ತಾಗಲ್ಲ, ಎಚ್‌ಪಿವಿ ಲಸಿಕೆ ಇದನ್ನು ತಡೆಯಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಲಕ್ಷಣಗಳಿಲ್ಲದವರಿಗೆ ಪ್ರತಿವರ್ಷ ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಹೆಣ್ಣುಮಗಳು ಹೇಳಿಕೊಳ್ಳುವ ತೊಂದರೆಯನ್ನು ಮನೆಯವರು, ಡಾಕ್ಟರು ಕಿವಿಗೊಟ್ಟು ಕೇಳೋದೇ ಪತ್ತೆಯ ಮೊದಲ ಹೆಜ್ಜೆ. ಎಲ್ಲರ ಊಟ ಆದಮೇಲೆ ಉಣ್ಣುವವಳಿಗೆ ಊಟ ಸೇರುತ್ತಿಲ್ಲ ಅನ್ನೋದು ಎಷ್ಟು ಮನೆಗಳಲ್ಲಿ ಗೊತ್ತಾಗುತ್ತೆ?

ಪತ್ತೆ

ಶುರುವಿಗೆ ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್, ಆಮೇಲೆ ಬೇಕಾದರೆ ಸಿಟಿ ಸ್ಕ್ಯಾನ್. ಸಿಎ-125 ಒಂದನ್ನೇ ನಂಬೋಕಾಗಲ್ಲ. ಮುಟ್ಟಿನ ಸಮಯದಲ್ಲಿ, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಟಿಬಿ ಇದ್ದಾಗಲೂ ಅದು ಏರುತ್ತೆ. ಆರಂಭದ ಹಂತದ ಕ್ಯಾನ್ಸರ್ ಇದ್ದೂ ನಾರ್ಮಲ್ ಬರಬಹುದು.

ಸ್ಕ್ಯಾನ್‌ನಲ್ಲಿ ಸಿಸ್ಟ್ ಕಂಡ ಕೂಡಲೇ ಕ್ಯಾನ್ಸರ್ ಅಂದುಕೊಳ್ಳಬೇಡಿ. ಯುವತಿಯರಲ್ಲಿ ಕಾಣುವ ಹೆಚ್ಚಿನ ಸಿಸ್ಟ್‌ಗಳು ನಿರಪಾಯಕಾರಿ, ಪಿಸಿಓಎಸ್ ಕೂಡ ಕ್ಯಾನ್ಸರ್ ಅಲ್ಲ. ಆದರೆ ಗೆಡ್ಡೆ ಅನುಮಾನಾಸ್ಪದ ಅಂತ ರಿಪೋರ್ಟ್ ಬಂದರೆ ಆಪರೇಷನ್‌ಗೆ ಮೊದಲೇ ಸ್ತ್ರೀರೋಗ ಕ್ಯಾನ್ಸರ್ ತಜ್ಞರನ್ನು ನೋಡಿ. ಅಂಡಾಶಯದೊಳಗೇ ಇದ್ದ ಗೆಡ್ಡೆ ಆಪರೇಷನ್ ವೇಳೆ ಒಡೆದರೆ ರೋಗದ ಹಂತವೇ ಬದಲಾಗುತ್ತೆ.

ಚಿಕಿತ್ಸೆ

ಕಣ್ಣಿಗೆ ಕಾಣುವ ಗೆಡ್ಡೆಯನ್ನೆಲ್ಲ ತೆಗೆಯುವ ಶಸ್ತ್ರಚಿಕಿತ್ಸೆ, ಜೊತೆಗೆ ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಒಟ್ಟು 6 ಸಲ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಕೀಮೋ. ರೋಗ ಹರಡಿದ್ದರೆ ಕೆಲವರಿಗೆ ಮೊದಲು ಕೀಮೋ, ಆಮೇಲೆ ಆಪರೇಷನ್. ಚಿಕ್ಕ ವಯಸ್ಸಿನವರಲ್ಲಿ, ಆರಂಭದ ಹಂತದಲ್ಲಿದ್ದರೆ, ಒಂದು ಅಂಡಾಶಯ ಮತ್ತು ಗರ್ಭಕೋಶ ಉಳಿಸಲು ಸಾಧ್ಯವಾಗಬಹುದು. ಮಕ್ಕಳು ಬೇಕೆನ್ನುವವರು ಇದನ್ನು ಮೊದಲೇ ಕೇಳಬೇಕು.

ಬಿಆರ್‌ಸಿಎ ಜೀನ್ ಪರೀಕ್ಷೆ ಪ್ರತಿ ರೋಗಿಗೂ ಮುಖ್ಯ. ದೋಷವಿದ್ದರೆ ಓಲಾಪರಿಬ್‌ನಂಥ ಮಾತ್ರೆಗಳು ರೋಗ ಮರುಕಳಿಸೋದನ್ನು ಮುಂದೂಡುತ್ತವೆ. ಅಕ್ಕತಂಗಿಯರು, ಮಕ್ಕಳು ಮುಂಚೆಯೇ ಎಚ್ಚರ ವಹಿಸಬಹುದು. ಈ ದೋಷ ತಂದೆಯ ಕಡೆಯಿಂದಲೂ ಬರುತ್ತೆ. ಅಜ್ಜಿ, ಸೋದರತ್ತೆಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ ಮನೆಯಲ್ಲಿ ಕೇಳಿ.

ದುಡ್ಡಿನ ಪ್ರಶ್ನೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಇದೆ. ಆದರೆ ಅಲ್ಲಿಗೆ ತಲುಪುವ ಮುನ್ನ ಕಳೆದುಹೋಗುವ ತಿಂಗಳುಗಳನ್ನು ಯಾವ ಕಾರ್ಡೂ ತುಂಬಿಕೊಡಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಸ್ಕ್ಯಾನ್ ಮತ್ತು ಸಮಯಕ್ಕೆ ಸರಿಯಾದ ರೆಫರಲ್ ಸಿಗಬೇಕು ಅನ್ನೋದು ನಾವು ಎತ್ತಬೇಕಾದ ಬೇಡಿಕೆ.

ಅಲ್ಲಿಯವರೆಗೆ, ಅಮ್ಮ ವಾರಗಟ್ಟಲೆಯಿಂದ ‘ಹೊಟ್ಟೆ ಭಾರ’ ಅಂತಿದ್ದರೆ ಮತ್ತೊಂದು ಮಾತ್ರೆ ತರಬೇಡಿ. ಜೊತೆಗೆ ಹೋಗಿ, ಡಾಕ್ಟರಿಗೆ ನೇರವಾಗಿ ಕೇಳಿ: ‘ಅಂಡಾಶಯದ ತೊಂದರೆ ಇರಬಹುದಾ? ಸ್ಕ್ಯಾನ್ ಮಾಡಿಸೋಣ್ವಾ?’