ಒರೆಸಿದರೂ ಹೋಗದ ಜಿಡ್ಡು

1857ರ ದಂಗೆಗೆ ತಕ್ಷಣದ ಕಾರಣವೇನು ಎಂದು ಹೈಸ್ಕೂಲಿನ ಇತಿಹಾಸ ಓದಿದ ಯಾರನ್ನು ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ದನದ ಮತ್ತು ಹಂದಿಯ ಕೊಬ್ಬು ಸವರಿದ ತೋಟಾಗಳು. ಉತ್ತರ ತಪ್ಪೇನಲ್ಲ. ಆದರೆ ಘಟನೆಗಳನ್ನು ತಿಂಗಳುವಾರು ಜೋಡಿಸಿಕೊಂಡು ನೋಡಿದರೆ ಒಂದು ತೊಡಕು ಎದುರಾಗುತ್ತದೆ. ಫೆಬ್ರವರಿಯಲ್ಲಿ ಬೆಹ್ರಾಂಪುರದ ಸಿಪಾಯಿಗಳು ಬೇಡವೆಂದ ತೋಟಾಗಳಿಗೂ, ಏಪ್ರಿಲ್‌ನಲ್ಲಿ ಮೀರತ್‌ನ ಸವಾರರು ಮುಟ್ಟಲೊಲ್ಲದ ತೋಟಾಗಳಿಗೂ ಆ ಹೊಸ ಕೊಬ್ಬು ಸವರಿರಲೇ ಇಲ್ಲ. ಅವು ವರ್ಷಗಳಿಂದ ಬಳಕೆಯಲ್ಲಿದ್ದ ಹಳೆಯ ಬಗೆಯವು. ಜಿಡ್ಡಿಲ್ಲದ ತೋಟಾ ಸಾಮ್ರಾಜ್ಯವೊಂದನ್ನು ಅಲುಗಾಡಿಸಿದ್ದು ಹೇಗೆ?

ಮೊದಲು ಈ ಜಿಡ್ಡು ಯಾಕೆ ಬೇಕಿತ್ತು ಎಂಬುದನ್ನು ನೋಡೋಣ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಕೆಯೊಳಗೆ ಸುರುಳಿಯಾಕಾರದ ಗೆರೆಗಳಿದ್ದವು. ಗುಂಡು ತಿರುಗುತ್ತ ಹೊರಬರಲಿ, ದೂರದ ಗುರಿಯನ್ನು ಮುಟ್ಟಲಿ ಎಂಬುದು ಅವುಗಳ ಉದ್ದೇಶ. ತೋಟಾ ಎಂದರೆ ಕಾಗದದ ಕೊಳವೆ. ಒಂದು ತುದಿಯಲ್ಲಿ ಸೀಸದ ಗುಂಡು, ಉಳಿದ ಕಡೆ ಮದ್ದು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಕೆಗೆ ಸುರಿದು, ಕಾಗದ ಸುತ್ತಿದ ಗುಂಡನ್ನು ಬಾಯಿಯಿಂದ ಒಳಗಿಟ್ಟು ಸಲಾಕೆಯಿಂದ ಇಳಿಸಬೇಕು. ನಾಲ್ಕಾರು ಸುತ್ತು ಹಾರಿಸುವಷ್ಟರಲ್ಲಿ ಮದ್ದಿನ ಕಿಟ್ಟ ಒಳಗೆ ಗಟ್ಟಿಯಾಗುತ್ತದೆ. ಗುಂಡು ಜಾರಿ ಇಳಿಯಲು, ಕಿಟ್ಟ ಮೆತ್ತಗಾಗಲು ಗುಂಡಿನ ತುದಿಯ ಕಾಗದಕ್ಕೆ ಕೊಬ್ಬು ಮತ್ತು ಜೇನುಮೇಣದ ಮಿಶ್ರಣ ಸವರುತ್ತಿದ್ದರು. ಕಚ್ಚುವ ತುದಿ ಬೇರೆ, ಸವರುವ ತುದಿ ಬೇರೆ. ಆದರೆ ನಮ್ಮ ಬಿಸಿಲಿಗೆ ಕರಗಿದ ಕೊಬ್ಬು ಸವರಿದ ಜಾಗದಲ್ಲೇ ನಿಲ್ಲುವುದಿಲ್ಲ.

ಇದರ ಅಪಾಯ ಯಾರಿಗೂ ಹೊಳೆದಿರಲಿಲ್ಲವೆನ್ನುವಂತಿಲ್ಲ. ಇಲ್ಲಿನ ಹವೆಯಲ್ಲಿ ಮಿಶ್ರಣ ತಾಳುತ್ತದೆಯೇ ಎಂದು ನೋಡಲು 1853ರಲ್ಲಿ ಇಂಗ್ಲೆಂಡಿನಿಂದ ತೋಟಾಗಳು ಬಂದಾಗಲೇ, ಬಂಗಾಳ ಸೇನೆಯ ಅಡ್ಜುಟೆಂಟ್ ಜನರಲ್ ಆಗಿದ್ದ ಹೆನ್ರಿ ಟಕರ್, ಜಾತಿಗೆ ಅಡ್ಡಿಯಾಗದ ವಸ್ತುವೆಂದು ಖಚಿತವಾಗದ ಹೊರತು ಇವನ್ನು ದೇಶೀ ಪಡೆಗಳಿಗೆ ಕೊಡಬಾರದು ಎಂದು ಬರೆದಿದ್ದ. ಆ ಎಚ್ಚರಿಕೆ ಕಡತದಲ್ಲೇ ಉಳಿಯಿತು. ಮುಂದೆ ತೋಟಾಗಳು ಕಲ್ಕತ್ತೆಯಲ್ಲೇ ತಯಾರಾಗತೊಡಗಿದಾಗ ಕೊಬ್ಬನ್ನು ಗುತ್ತಿಗೆದಾರರು ಪೂರೈಸಿದರು. ಅದು ಯಾವ ಪ್ರಾಣಿಯದೆಂದು ವಿಶೇಷವಾಗಿ ಯಾರೂ ವಿಚಾರಿಸಿರಲಿಲ್ಲವೆಂದು ಮದ್ದುಗುಂಡು ವಿಭಾಗದ ಮುಖ್ಯಸ್ಥನೇ ನಂತರ ಒಪ್ಪಿಕೊಂಡ.

1857ರ ಜನವರಿಯಲ್ಲಿ ಡಮ್‌ಡಮ್‌ನ ಒಬ್ಬ ಖಲಾಸಿ ಬ್ರಾಹ್ಮಣ ಸಿಪಾಯಿಯ ಲೋಟಾದಿಂದ ನೀರು ಕೇಳಿದ. ಸಿಪಾಯಿ ಕೊಡಲಿಲ್ಲ. ಕೊಬ್ಬಿನ ತೋಟಾ ಕಚ್ಚುವ ನಿನ್ನ ಜಾತಿ ಇನ್ನೆಷ್ಟು ದಿನ ಎಂಬರ್ಥದಲ್ಲಿ ಖಲಾಸಿ ಚುಚ್ಚಿದ. ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು. ಸರ್ಕಾರವೂ ಈ ಬಾರಿ ತಡ ಮಾಡಲಿಲ್ಲ. ಜನವರಿ ಮುಗಿಯುವ ಮೊದಲೇ ಜಿಡ್ಡಿಲ್ಲದ ತೋಟಾ ಕೊಡಿ, ಸಿಪಾಯಿಗಳು ತಮಗೆ ಒಪ್ಪಿಗೆಯಾದದ್ದನ್ನು ತಾವೇ ಸವರಿಕೊಳ್ಳಲಿ ಎಂಬ ಆದೇಶ ಹೊರಟಿತು. ಆಡಳಿತದ ಲೆಕ್ಕದಲ್ಲಿ ಸಮಸ್ಯೆ ಅಲ್ಲಿಗೆ ಮುಗಿಯಬೇಕಿತ್ತು.

ಅನುಮಾನ ಮಾತ್ರ ಕೊಬ್ಬಿನಿಂದ ಕಾಗದಕ್ಕೆ ದಾಟಿತು. ಹೊಸ ಕಾಗದ ನುಣುಪಾಗಿ ಹೊಳೆಯುತ್ತಿತ್ತು. ಫೆಬ್ರವರಿ 6ರಂದು ಬ್ಯಾರಕ್‌ಪುರದಲ್ಲಿ ವಿಚಾರಣೆ ನಡೆಯಿತು. ಅಲ್ಲಿನ ಹೇಳಿಕೆಗಳು ಈ ಇಡೀ ಪ್ರಕರಣದಲ್ಲೇ ಬಹಳ ಮುಖ್ಯವಾದವು. ಕಾಗದದ ಚೂರನ್ನು ನೀರಿನಲ್ಲಿ ಅದ್ದಿ ಸುಟ್ಟಾಗ ಚಟಪಟ ಸದ್ದು ಬಂತು, ಜಿಡ್ಡಿನ ವಾಸನೆ ಹೊಡೆಯಿತು ಎಂದು ಒಬ್ಬ ಸಿಪಾಯಿ ಹೇಳಿದ. ಇನ್ನೊಬ್ಬನ ಎದುರಿನಲ್ಲೇ ಕಾಗದ ಸುಟ್ಟು ಈಗ ವಾಸನೆ ಬರುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದ. ಮತ್ತೇನು ಆಕ್ಷೇಪ ಎಂದರೆ, ಅದು ಮೇಣಬಟ್ಟೆಯಂತೆ ಹೊಳೆಯುತ್ತದೆ, ಯಾರಿಗೂ ಸಮಾಧಾನವಿಲ್ಲ ಎಂದ.

ಇದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಅದ್ದುವುದು, ಹರಿಯುವುದು, ಸುಡುವುದು, ಮೂಸುವುದು ಎಲ್ಲವೂ ಪರೀಕ್ಷೆಗಳೇ. ಸಿಪಾಯಿ ತನ್ನ ಕೈಲಾದ ವಿಧಾನದಿಂದ ವಸ್ತುವನ್ನು ಶೋಧಿಸಿದ್ದಾನೆ. ವಾಸನೆ ಇಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಯೂ ಇದ್ದಾನೆ. ಅವನ ಕೊನೆಯ ಉತ್ತರದಲ್ಲಿರುವ ‘ಯಾರಿಗೂ’ ಎಂಬ ಮಾತನ್ನು ಗಮನಿಸಬೇಕು. ತೋಟಾ ಶುದ್ಧವೆಂದು ತನಗೊಬ್ಬನಿಗೆ ಖಾತ್ರಿಯಾದರೆ ಸಾಲದು. ಊರು, ಪಂಕ್ತಿ, ಬೀಗರು ನಂಬಬೇಕು. ಮಾರ್ಚ್‌ನಲ್ಲಿ ಅಂಬಾಲಾದ ತರಬೇತಿ ಕೇಂದ್ರದಲ್ಲಿ ಆದದ್ದು ಇದೇ. ಅಲ್ಲಿದ್ದ 36ನೇ ಪಡೆಯ ಇಬ್ಬರು ತಮ್ಮವರನ್ನು ಕಾಣಲು ಹೋದಾಗ, ನೀವು ಕ್ರೈಸ್ತರಾಗಿದ್ದೀರಿ ಎಂದು ಅವರ ಸುಬೇದಾರನೇ ಹಂಗಿಸಿದ. ತೋಟಾಗೆ ಏನು ಸವರಿದೆ ಎಂಬುದು ಆ ಇಬ್ಬರಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರಯೋಜನವಾಗಲಿಲ್ಲ.

ಇಷ್ಟಕ್ಕೂ ಸರ್ಕಾರದ ಮಾತನ್ನು ಅವರು ನಂಬಲು ಕಾರಣವಾದರೂ ಏನಿತ್ತು? ಹಿಂದಿನ ವರ್ಷವಷ್ಟೇ ಬಹಳಷ್ಟು ಸಿಪಾಯಿಗಳ ತವರಾದ ಅವಧ್ ಕಂಪನಿಯ ಪಾಲಾಗಿತ್ತು. ಹೊಸದಾಗಿ ಸೇರುವವರು ಸಮುದ್ರ ದಾಟಲೂ ಸಿದ್ಧರಿರಬೇಕು ಎಂಬ ಕಾನೂನು ಅದೇ 1856ರಲ್ಲಿ ಬಂದಿತ್ತು. ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂಬ ರಿಯಾಯಿತಿ ಕೂಡ, ಹಾಗಾದರೆ ಮೊದಲಿನದರಲ್ಲಿ ಏನೋ ಇದ್ದದ್ದು ನಿಜ ಎಂಬ ಅನುಮಾನಕ್ಕೇ ಇಂಬು ಕೊಡುವಂತಿತ್ತು.

ಫೆಬ್ರವರಿ 26ರಂದು ಬೆಹ್ರಾಂಪುರದ 19ನೇ ಪಡೆ ಹಳೆಯ ತೋಟಾಗಳನ್ನೇ ನಿರಾಕರಿಸಿತು. ಮಾರ್ಚ್ ಕೊನೆಗೆ ಆ ಪಡೆಯನ್ನೇ ವಿಸರ್ಜಿಸಲಾಯಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ, ಕೈಯಿಂದ ಹರಿದರೆ ಸಾಕು ಎಂದು ವಿವರಿಸಿದ ಮೇಲೂ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಮೇ 9ರಂದು ಅವರ ಕಾಲಿಗೆ ಎಲ್ಲರೆದುರು ಬೇಡಿ ತೊಡಿಸಿದರು. ಮರುದಿನ ಸಂಜೆ ಮೀರತ್ ಹೊತ್ತಿ ಉರಿಯಿತು.

ಆದ್ದರಿಂದ ‘ಕೊಬ್ಬು ಇತ್ತೇ, ಇರಲಿಲ್ಲವೇ’ ಎಂಬ ಪ್ರಶ್ನೆಯಲ್ಲೇ ನಿಂತರೆ 1857ರ ಅರ್ಧವಷ್ಟೇ ಸಿಗುತ್ತದೆ. ಏನು ಸವರುತ್ತಿದ್ದೀರಿ ಎಂದು ಸಿಪಾಯಿ ಕೇಳುವ ಮೊದಲೇ ಹೇಳಬೇಕಿದ್ದವರು, ಅವನು ಕೇಳಿದ ಮೇಲೆ ಹೇಳಿದರು. ಆ ವೇಳೆಗೆ ಅವನು ತೋಟಾವನ್ನಲ್ಲ, ಅದನ್ನು ಕೊಡುವ ಕೈಯನ್ನು ಮೂಸಿ ನೋಡುತ್ತಿದ್ದ.